ಬಣ್ಣ ಆಮೇಲೆ ಬಳಿಯಿರಿ, ಮೊದಲು ಕಲ್ಲು ನೆಡಿ

ನಗರಾಭಿವೃದ್ಧಿ ಸಚಿವರಿಗೆ, ಪೌರಾಡಳಿತ ಸಚಿವರಿಗೆ, ರಾಜ್ಯದ ಎಲ್ಲ ನಗರ ಯೋಜನಾ ಪ್ರಾಧಿಕಾರಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೂವತ್ತೊಂದು ವರ್ಷ ನಾನು ಪುರಸಭೆ, ನಗರಸಭೆಗಳಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದೆ. ಹುದ್ದೆಯ ಹೆಸರು ಏನೇ ಇದ್ದರೂ ಜನ ಕರೆಯುತ್ತಿದ್ದದ್ದು ಓವರ್‌ಸಿಯರ್ ಅಂತಲೇ. ಮಾಡಿದ ಕೆಲಸ ಒಂದೇ: ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಲೆವೆಲ್ ನೋಡುವುದು. ನಿವೃತ್ತನಾದ ಮೇಲೂ ಆ ಚಟ ಬಿಟ್ಟಿಲ್ಲ. ಹೊಸ ಊರಿಗೆ ಹೋದಾಗ ಮೊದಲು ದೇವಸ್ಥಾನ ನೋಡುವವರಿದ್ದಾರೆ. ನಾನು ಕೆರೆಯ ಕೋಡಿ ಯಾವ ಕಡೆಗಿದೆ ಎಂದು ವಿಚಾರಿಸುತ್ತೇನೆ.

ಹೋದ ಮಳೆಗಾಲ ಮುಗಿದ ಮೇಲೆ ಒಂದು ಹೊಸ ಬಡಾವಣೆಯವರು ಕರೆದರು. ಊರಿನ ಹೆಸರು ಬೇಡ. ರಾಜ್ಯದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಅಂಥದ್ದೊಂದು ಬಡಾವಣೆ ನಿಮಗೆ ಸಿಗುತ್ತದೆ. ಇನ್ನೂರು ಸೈಟು, ಹೆಚ್ಚಿನವೆಲ್ಲ ಮೂವತ್ತು-ನಲವತ್ತರವು. ಒಳಚರಂಡಿ ಪೈಪು ಹಾಕಿ ಎರಡು ವರ್ಷವಾಗಿತ್ತು. ಕೊಳಚೆ ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ಕೊನೆಯ ಸಾಲಿನ ಮನೆಗಳ ಬಚ್ಚಲಲ್ಲೇ ಉಕ್ಕುತ್ತಿತ್ತು. ನೆಲದ ಏರುತಗ್ಗು ಅಳೆಯುವ ನನ್ನ ಹಳೇ ಡಂಪಿ ಲೆವೆಲ್ಲನ್ನು ಹೊತ್ತುಕೊಂಡು ಹೋದೆ. ಅರ್ಧ ದಿನದ ಕೆಲಸ. ಕೊನೆಯ ಸಾಲಿನ ಮನೆಗಳ ಚೇಂಬರು, ಅದು ಹೋಗಿ ಸೇರಬೇಕಾದ ಮುಖ್ಯರಸ್ತೆಯ ಮ್ಯಾನ್‌ಹೋಲಿಗಿಂತ ಒಂದೂವರೆ ಅಡಿ ತಗ್ಗಿನಲ್ಲಿತ್ತು.

ಗ್ರಾಮ ನಕಾಶೆ ತರಿಸಿ ಹರಡಿದಾಗ ಕಾರಣ ಕಂಡಿತು. ಬಡಾವಣೆಯ ಏಳನೇ ಅಡ್ಡರಸ್ತೆ ಎಂದು ಬೋರ್ಡು ಹಾಕಿದ್ದ ಜಾಗದಲ್ಲಿ ನಕಾಶೆಯಲ್ಲಿ ಒಂದು ಹಳ್ಳ ಹರಿಯುತ್ತಿತ್ತು. ಅದನ್ನು ಮಣ್ಣು ತುಂಬಿ ಮಟ್ಟ ಮಾಡಿ, ಮೇಲೆ ಜಲ್ಲಿ ಹಾಕಿ, ಎರಡೂ ಕಡೆ ಸೈಟು ಕಡಿದಿದ್ದರು. ಮನೆಯ ಯಜಮಾನರೊಬ್ಬರು, ಸಾರಿಗೆ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು, ಕೇಳಿದರು: “ಇದನ್ನ ಸರಿ ಮಾಡೋಕೆ ಏನು ಮಾಡಬೇಕು ಸಾರ್?” ನಾನು ತಮಾಷೆಗೆ, “ನಿಮ್ಮ ಮನೇನ ಎರಡಡಿ ಮೇಲಕ್ಕೆತ್ತಬೇಕು ಯಜಮಾನ್ರೇ” ಅಂದೆ. ಅವರು ನಗಲಿಲ್ಲ. ಪಕ್ಕದ ಬೀದಿಯಲ್ಲಿ ಆಗಲೇ ಒಬ್ಬರು ಜಾಕಿ ಕೊಟ್ಟು ಮನೆ ಎತ್ತಿಸುತ್ತಿದ್ದರು.

ಈ ಪತ್ರ ಬರೆಯಲು ಆ ಜಾಕಿಗಳೇ ಕಾರಣ.

ಬಡಾವಣೆ ಮಾಡಿದವನ ಮೇಲೆ ನನಗೆ ಅಂಥ ಸಿಟ್ಟೇನೂ ಇಲ್ಲ. ಅವನು ವ್ಯಾಪಾರಿ, ವ್ಯಾಪಾರ ಮಾಡಿದ. ಸಿಟ್ಟು ಇರುವುದು ನಮ್ಮ ಕೆಲಸದ ವರಸೆಯ ಮೇಲೆ. ನಮ್ಮಲ್ಲಿ ಮೊದಲು ಸೈಟು, ಆಮೇಲೆ ಮನೆ, ಆಮೇಲೆ ಓಟು, ಓಟಿನ ಹಿಂದೆ ರಸ್ತೆ, ರಸ್ತೆ ಅಗೆದು ನೀರಿನ ಪೈಪು, ಅದನ್ನು ಮತ್ತೆ ಅಗೆದು ಚರಂಡಿ, ಕಟ್ಟಕಡೆಗೆ ನಕ್ಷೆ. ಇದನ್ನು ತಿರುವಿ ಹಾಕಿ ಎಂದು ಕೇಳಲು ಬರೆಯುತ್ತಿದ್ದೇನೆ.

ನಕ್ಷೆಯೇ ಇಲ್ಲ ಎಂದಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಕೆಳಗೆ ನೀವು ಮಹಾಯೋಜನೆ, ಎಂದರೆ ಮಾಸ್ಟರ್ ಪ್ಲಾನ್, ತಯಾರಿಸುತ್ತೀರಿ. ನಾನೂ ಅಂಥ ಮೂರ್ನಾಲ್ಕು ನಕ್ಷೆಗಳನ್ನು ಗೋಡೆಗೆ ಅಂಟಿಸಿಕೊಂಡು ಕೆಲಸ ಮಾಡಿದ್ದೇನೆ. ವಾಸದ ವಲಯಕ್ಕೆ ಹಳದಿ, ಉದ್ಯಾನಕ್ಕೆ ಹಸಿರು, ಕೈಗಾರಿಕೆಗೆ ನೇರಳೆ. ನೋಡಲು ಚೆಂದ. ಆದರೆ ಹಳದಿ ಬಳಿದ ಆ ನೂರಾರು ಎಕರೆಯ ಒಳಗೆ ಮುಂದೆ ರಸ್ತೆ ಎಲ್ಲಿ ಹಾಯಬೇಕು, ಮಳೆನೀರು ಯಾವ ಗೆರೆಯಲ್ಲಿ ಇಳಿಯಬೇಕು, ಕೊಳಚೆಯ ದೊಡ್ಡ ಪೈಪು ಯಾವ ಕಣಿವೆ ಹಿಡಿದು ಹೋಗಬೇಕು ಎಂಬುದು ನೆಲದ ಮೇಲೆ ಎಲ್ಲೂ ಕಾಣುವುದಿಲ್ಲ. ಬಣ್ಣ ಹೇಳುವುದು ಇಷ್ಟೇ: ಇಲ್ಲಿ ಮನೆ ಕಟ್ಟಬಹುದು. ರೈತರಿಗೂ ದಲ್ಲಾಳಿಗಳಿಗೂ ಅಷ್ಟು ಸಾಕು. ನಕ್ಷೆ ಹೊರಬಿದ್ದ ಮರುವಾರವೇ ಹಳದಿ ಜಾಗದ ರೇಟು ಏರುತ್ತದೆ. ಪೈಪಿನ ಜಾಗ ಮಾತ್ರ ಯಾರ ಹೆಸರಲ್ಲೂ ಉಳಿಯುವುದಿಲ್ಲ.

ತಮಾಷೆಯೆಂದರೆ, ಆ ಗೆರೆಗಳನ್ನು ಹೊಸದಾಗಿ ಹುಡುಕಬೇಕಾಗಿಯೂ ಇಲ್ಲ. ಹಳೇ ಸರ್ವೆಯವರು ಹಳ್ಳ, ಬಂಡಿದಾರಿ, ಕಾಲುದಾರಿ, ಕೆರೆ ಅಂಗಳ ಎಲ್ಲವನ್ನೂ ಗ್ರಾಮ ನಕಾಶೆಯಲ್ಲಿ ಗುರುತಿಸಿ, ಸಾಗುವಳಿಗೆ ಬಾರದ ಸಾರ್ವಜನಿಕ ಜಾಗವನ್ನು ‘ಬ ಖರಾಬು’ ಎಂದು ಬರೆದಿಟ್ಟು ಹೋಗಿದ್ದಾರೆ. ಬಂಡಿದಾರಿ ಎಂದರೆ ಮುಂದಿನ ರಸ್ತೆ. ಹಳ್ಳ ಎಂದರೆ ಮುಂದಿನ ಮಳೆನೀರು ಕಾಲುವೆ, ಅದರ ದಂಡೆ ಎಂದರೆ ಮುಂದಿನ ಒಳಚರಂಡಿಯ ದಾರಿ. ಇಳಿಜಾರನ್ನು ನೆಲವೇ ಆರಿಸಿ ಕೊಟ್ಟಿದೆ. ಪುಕ್ಕಟೆ ಸಿಕ್ಕ ಈ ವಿನ್ಯಾಸವನ್ನು ಮಣ್ಣು ತುಂಬಿ ಮುಚ್ಚಿ, ಅದರ ಮೇಲೆ ಕಂಪ್ಯೂಟರಿನಲ್ಲಿ ನೆಟ್ಟಗೆ ಚೌಕ ಎಳೆದು, ಆಮೇಲೆ ಕೊಳಚೆಯನ್ನು ಮೇಲೆತ್ತಲು ಪಂಪು ಕೂರಿಸುವವರು ನಾವು. ಕರೆಂಟು ಹೋದ ದಿನ ಆ ಪಂಪು ಏನು ಮಾಡುತ್ತದೆ ಎಂದು ಕೊನೆಯ ಸಾಲಿನ ಮನೆಯವರನ್ನು ಕೇಳಬೇಕು.

ಇದು ಬೆಂಗಳೂರೊಂದರ ಕತೆ ಎಂದುಕೊಳ್ಳಬೇಡಿ. ಬೆಂಗಳೂರಿನದು ಎಲ್ಲರಿಗೂ ಕಾಣುತ್ತದೆ ಅಷ್ಟೇ. ದಿಬ್ಬದ ಮೇಲೆ ಕೂತ ಆ ಊರಿನ ನೀರು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಕಣಿವೆ ಹಿಡಿದು ಇಳಿಯುತ್ತದೆ. ಕೆರೆಯಿಂದ ಕೆರೆಗೆ ರಾಜಕಾಲುವೆ. ಆ ಸರಪಳಿಯ ಕೊಂಡಿ ಕಳಚಿದ ಕಡೆ 2022ರ ಸೆಪ್ಟೆಂಬರಿನಲ್ಲಿ ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ದೇಶವೇ ನೋಡಿತು. ಅದೇ ಹಳ್ಳ ತಾಲ್ಲೂಕು ಕೇಂದ್ರದಲ್ಲಿ ಉಕ್ಕಿದರೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಎರಡು ಕಾಲಂ ಸುದ್ದಿ.

ಆ ಸಣ್ಣ ಊರುಗಳೇ ಇನ್ನು ಮುಂದೆ ಬೆಳೆಯುವುದು. 2011ರ ಜನಗಣತಿಯ ಪ್ರಕಾರ ದೇಶದ ಶೇ. 31ರಷ್ಟು ಜನ, ಎಂದರೆ 37 ಕೋಟಿಗೂ ಮಿಕ್ಕಿ, ನಗರವಾಸಿಗಳು. ಕರ್ನಾಟಕದಲ್ಲಿ ಆ ಪ್ರಮಾಣ ಶೇ. 38 ದಾಟಿತ್ತು. ಅದಕ್ಕೂ ಹಿಂದಿನ ಹತ್ತು ವರ್ಷಗಳಲ್ಲಿ, ಸ್ವಾತಂತ್ರ್ಯ ಬಂದ ಮೇಲೆ ಮೊದಲ ಸಲ, ಹಳ್ಳಿಗಳಿಗಿಂತ ಪಟ್ಟಣಗಳಲ್ಲಿ ಹೆಚ್ಚು ಜನ ಕೂಡಿಕೊಂಡಿದ್ದರು. ಅಲ್ಲಿಂದಾಚೆಗೆ ಎಷ್ಟಾಗಿದೆ? 2021ರಲ್ಲಿ ಎಣಿಸಬೇಕಾಗಿತ್ತು, ಎಣಿಸಲಿಲ್ಲ. ಮುಂದಿನ ಗಣತಿ 2027ರದು. ಎಂದರೆ ಇವತ್ತು ನಗರಸಭೆಯಲ್ಲಿ ಕೂತು ನೀರಿನ ಟ್ಯಾಂಕಿಗೆ ಅಂದಾಜುಪಟ್ಟಿ ಬರೆಯುವ ನನ್ನಂಥವನು 2011ರ ತಲೆಗಳನ್ನು ಹಿಡಿದು, ಅದಕ್ಕೊಂದು ಸೂತ್ರ ಹಚ್ಚಿ, ಮೇಲೆ ತನ್ನ ಊಹೆ ಸೇರಿಸಿ ಬರೆಯುತ್ತಾನೆ. ಆ ಊಹೆಯ ಮೇಲೆ ಕೋಟಿಗಟ್ಟಲೆ ಕಾಮಗಾರಿ ನಿಲ್ಲುತ್ತದೆ.

ಅದೇ ಗಣತಿಯ ಇನ್ನೊಂದು ಅಂಕಿ ನನಗೆ ಹೆಚ್ಚು ಕಾಡುತ್ತದೆ. 5,000ಕ್ಕಿಂತ ಹೆಚ್ಚು ಜನ, ಚದರ ಕಿಲೋಮೀಟರಿಗೆ 400ಕ್ಕಿಂತ ಹೆಚ್ಚು ಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯ ಬಿಟ್ಟವರು: ಹೀಗಿರುವ ಊರನ್ನು ಗಣತಿಯವರು ಪಟ್ಟಣ ಎಂದು ಬರೆದುಕೊಳ್ಳುತ್ತಾರೆ, ಸರ್ಕಾರ ಮಾತ್ರ ಹಳ್ಳಿ ಎಂದೇ ನಡೆಸುತ್ತದೆ. ಇವುಗಳಿಗೆ ‘ಗಣತಿ ಪಟ್ಟಣ’ ಎಂದು ಹೆಸರು. 2001ರಲ್ಲಿ ದೇಶದಲ್ಲಿ ಇಂಥವು 1,362 ಇದ್ದವು. 2011ರಲ್ಲಿ 3,900ರ ಹತ್ತಿರ ಬಂದವು. ಕೆಲಸದಲ್ಲಿ ಪಟ್ಟಣ, ಕಾಗದದಲ್ಲಿ ಹಳ್ಳಿ. ಅಲ್ಲಿ ಮೂರಂತಸ್ತಿನ ಕಟ್ಟಡಕ್ಕೆ ಗ್ರಾಮ ಪಂಚಾಯಿತಿಯೇ ಪರವಾನಗಿ ಕೊಡಬೇಕು. ಪಂಚಾಯಿತಿಯಲ್ಲಿ ಇರುವವರು ಒಬ್ಬ ಪಿಡಿಒ, ಒಬ್ಬ ಬಿಲ್ ಕಲೆಕ್ಟರ್, ಒಬ್ಬ ನೀರಗಂಟಿ. ಇಳಿಜಾರು ನೋಡುವವರು ಯಾರು? ಪಿಡಿಒ ಬೆಳಿಗ್ಗೆ ನರೇಗಾ, ಮಧ್ಯಾಹ್ನ ವಸತಿ ಯೋಜನೆ, ಸಂಜೆ ಗ್ರಾಮಸಭೆ ಮುಗಿಸಿ ಲೆವೆಲ್ ಹಿಡಿಯಬೇಕೇ? ಆ ಊರು ಬೆಳೆದು ಬೆಳೆದು ಒಂದು ದಿನ ಪಟ್ಟಣ ಪಂಚಾಯಿತಿಯೋ ಪುರಸಭೆಯೋ ಆಗುತ್ತದೆ, ಅಥವಾ ಪಕ್ಕದ ಪಾಲಿಕೆಗೆ ಸೇರುತ್ತದೆ. ಅಷ್ಟರಲ್ಲಿ ಹಳ್ಳಗಳೆಲ್ಲ ಅಡ್ಡರಸ್ತೆಗಳಾಗಿರುತ್ತವೆ. 2007ರಲ್ಲಿ ಬೆಂಗಳೂರಿಗೆ 110 ಹಳ್ಳಿ ಸೇರಿಸಿದೆವಲ್ಲ, ಅವುಗಳಿಗಾಗಿ ಮಾಡಿದ ಕುಡಿಯುವ ನೀರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ. ಸೇರ್ಪಡೆಯ ವರ್ಷ ಅಲ್ಲಿ ಹುಟ್ಟಿದ ಮಗು ಅಷ್ಟೊತ್ತಿಗೆ ಪಿಯುಸಿಗೆ ಬಂದಿತ್ತು.

ನೀರು ತರುವುದನ್ನು ಎಲ್ಲರೂ ಹೊಗಳುತ್ತೇವೆ. ಉದ್ಘಾಟನೆ, ಪೂರ್ಣಕುಂಭ, ಗಂಗಾಪೂಜೆ. ಬಂದ ನೀರು ಹೋಗುವುದೆಲ್ಲಿಗೆ ಎಂದು ಆ ವೇದಿಕೆಯಲ್ಲಿ ಯಾರೂ ಕೇಳುವುದಿಲ್ಲ. ಒಂದು ಸಣ್ಣ ಲೆಕ್ಕ ಹಾಕೋಣ. ನಾನು ಹೇಳಿದ ಬಡಾವಣೆಯಲ್ಲಿ ಇನ್ನೂರು ಮನೆ, ಮನೆಗೆ ಐದು ಜನ ಎಂದರೂ ಸಾವಿರ ಜನ. ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಕೊಡಬೇಕು ಎನ್ನುವುದು ಕೇಂದ್ರದ ಕೈಪಿಡಿಯ ಮಾನದಂಡ. ಅದರಲ್ಲಿ ಶೇ. 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂದು ನಾವೆಲ್ಲ ಹಿಡಿಯುವ ಲೆಕ್ಕ. ದಿನಕ್ಕೆ 1,08,000 ಲೀಟರ್ ಆಯಿತು. ಇಳಿಜಾರು ಇಲ್ಲದೆ ಪೈಪು ಸತ್ತಿದ್ದರೆ, ಅಷ್ಟನ್ನೂ 4,000 ಲೀಟರಿನ ಟ್ಯಾಂಕರಿನಲ್ಲಿ ಸಾಗಿಸಬೇಕೆಂದರೆ ದಿನಕ್ಕೆ 27 ಲೋಡು. ಒಂದೇ ಬಡಾವಣೆಗೆ. ಯಾರೂ ಸಾಗಿಸುವುದಿಲ್ಲ. ಮನೆಯ ಪಿಟ್ಟಿನಲ್ಲಿ, ಎಂದರೆ ಶೌಚದ ಗುಂಡಿಯಲ್ಲಿ, ಇಂಗಿದಷ್ಟು ಇಂಗಿ ಪಕ್ಕದ ಬೋರ್‌ವೆಲ್ಲಿಗೆ ಸೇರುತ್ತದೆ, ಉಳಿದದ್ದು ರಸ್ತೆಗೆ.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ, ನಾನು ಯುಜಿಡಿ (ಒಳಚರಂಡಿ) ಭಕ್ತನಲ್ಲ. ಎಲ್ಲ ಸಣ್ಣ ಪಟ್ಟಣಕ್ಕೂ ಒಳಚರಂಡಿ ಜಾಲ ಬೇಕಾಗಿಲ್ಲ. ದೇವನಹಳ್ಳಿಯಲ್ಲಿ 2015ರಲ್ಲೇ ಪಿಟ್ಟಿನ ಕೆಸರನ್ನು ಹೀರಿ ತಂದು ಸಂಸ್ಕರಿಸುವ ಘಟಕ ಶುರುವಾಯಿತು. ಅಂಥ ಊರಿಗೆ ಅದು ಜಾಣ ದಾರಿ. ಆದರೆ ಅದಕ್ಕೂ ಊರಿನ ತಗ್ಗಿನಲ್ಲೊಂದು ಜಾಗ ಬೇಕು, ಲಾರಿ ಹೋಗುವಷ್ಟು ಅಗಲದ ರಸ್ತೆ ಬೇಕು. ಜಾಗ ಮೊದಲೇ ಕಾದಿರಿಸದಿದ್ದರೆ ಆಮೇಲೆ ಎಲ್ಲಿ ಹೋದರೂ ಜನ ಅಡ್ಡ ನಿಲ್ಲುತ್ತಾರೆ. ನಿಲ್ಲಲೇಬೇಕು, ಅವರ ಮನೆ ಮುಂದೆ ಅಲ್ಲವೇ? ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಹೋಗುತ್ತಿದೆ. ಅದರ ಗುಣಮಟ್ಟದ ಜಗಳ ಏನೇ ಇರಲಿ, ಕಣಿವೆಯ ತುದಿಗೆ ಬಂದು ಸೇರಿದ ಕೊಳಚೆ ಇನ್ನೊಬ್ಬರ ಕೆರೆ ತುಂಬಬಲ್ಲದು ಎನ್ನುವುದಂತೂ ಗೊತ್ತಾಯಿತು.

ಇಳಿಜಾರಿನ ವಿಷಯ ಇನ್ನೊಂದಿದೆ, ಬರೆಯಲು ಕೈ ಬರುವುದಿಲ್ಲ. ಮನೆಯ ಪೈಪಿಗೆ ನೂರಡಿ ಉದ್ದಕ್ಕೆ ಒಂದಡಿಯಾದರೂ ಇಳಿಜಾರು ಇರಬೇಕು. ಬೀದಿಯ ಪೈಪಿನಲ್ಲಿ ಕೊಳಚೆ ಸೆಕೆಂಡಿಗೆ ಎರಡಡಿಯಷ್ಟು ವೇಗದಲ್ಲಿ ಓಡಬೇಕು, ಆಗ ತನ್ನ ಗಸಿಯನ್ನು ತಾನೇ ಎಳೆದುಕೊಂಡು ಹೋಗುತ್ತದೆ. ಅಷ್ಟು ಇಲ್ಲದ ಕಡೆ ಗಸಿ ಕೂರುತ್ತದೆ, ಪೈಪು ಕಟ್ಟುತ್ತದೆ. ಜೆಟ್ಟಿಂಗ್ ಮಷೀನು ಬರುವವರೆಗೆ ಕಾಯುವ ತಾಳ್ಮೆ ಬೀದಿಯವರಿಗೆ ಇರುವುದಿಲ್ಲ. ಯಾರೋ ಒಬ್ಬನಿಗೆ ಐನೂರೋ ಸಾವಿರವೋ ಕೊಟ್ಟು ಇಳಿಸುತ್ತಾರೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಬಂದ ಮೇಲೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಮ್ಯಾನ್‌ಹೋಲಿಗೋ ಪಿಟ್ಟಿಗೋ ಇಳಿಸುವುದು ಅಪರಾಧ. ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ಇಳಿಯುವವರು ಯಾವ ಕೇರಿಯವರು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಲೆವೆಲ್ ತಪ್ಪಿಸಿ ಪೈಪು ಹಾಕಿಸಿದ ಓವರ್‌ಸಿಯರ್‌ಗಳಲ್ಲಿ ನಾನೂ ಒಬ್ಬ. ಒಮ್ಮೆ ಅಲ್ಲ. “ರಸ್ತೆ ಈಗಾಗಲೇ ಆಗಿದೆ, ಅದರ ಮಟ್ಟಕ್ಕೇ ಹೊಂದಿಸಿಕೊಳ್ಳಿ” ಎಂದು ಮೇಲಿನಿಂದ ಹೇಳಿದಾಗ ಹೊಂದಿಸಿಕೊಂಡಿದ್ದೇನೆ. ಹೊಂದುವುದಿಲ್ಲ ಎಂದು ಗೊತ್ತಿದ್ದೂ.

ಹಿಂದೆ ಎಲ್ಲವೂ ಸರಿ ಇತ್ತು ಎಂದು ಹೇಳುವ ವಯಸ್ಸು ನನಗೆ ಬಂದಿದೆ, ಆದರೂ ಹಾಗೆ ಹೇಳುವುದಿಲ್ಲ. ಹಿಂದೆ ಜನ ಸತ್ತ ಮೇಲೆ ಕಲಿತರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಹೊತ್ತಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಮೊದಲು ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಆಮೇಲೆ ಮನೆ. ಆ ಗಲ್ಲಿ ಮಲ ಹೊರುವವರಿಗಾಗಿ ಬಿಟ್ಟದ್ದು. ಅದರ ನಾಚಿಕೆ ಬೇರೆಯೇ ಇದೆ. ಆದರೆ ಊರಿನ ಕೊಳಕಿಗೂ ಒಂದು ದಾರಿ ಬಿಡಬೇಕು ಎಂದು ಮನೆ ಕಟ್ಟುವ ಮೊದಲೇ ಯೋಚಿಸಿದ್ದರಲ್ಲ, ಅದನ್ನು ಹೇಳುತ್ತಿದ್ದೇನೆ. ಮೈಸೂರಿನಲ್ಲಿ 1903ರಷ್ಟು ಹಿಂದೆಯೇ ನಗರ ಸುಧಾರಣಾ ಮಂಡಳಿ ಬಂತು. 1908ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಕೊಚ್ಚಿಹೋದ ಮೇಲೆ ನಿಜಾಮರ ಸರ್ಕಾರ ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ಊರೊಳಗೆ ಗೋಡೆ ಕಟ್ಟಿ ಎಂದಷ್ಟೇ ಹೇಳಿ ಎದ್ದು ಬರಲಿಲ್ಲ. ನೀರು ಬರುವ ದಾರಿ ಹಿಡಿದು ಮೇಲಕ್ಕೆ ಹೋಗಿ, ಊರಿಗೆ ಬರುವ ಮೊದಲೇ ತಡೆಯುವ ಜಲಾಶಯಗಳನ್ನು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಪ್ರವಾಹ ತಡೆಯಲು ಕಟ್ಟಿದ ಅವು ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. ಅವರ ಹುಟ್ಟಿದ ದಿನ ಎಂಜಿನಿಯರುಗಳ ದಿನಾಚರಣೆ ಮಾಡಿ ಕೇಸರಿಬಾತು ತಿನ್ನುತ್ತೇವೆ, ಮರುದಿನ ಹಳ್ಳದ ಮೇಲಿನ ಬಡಾವಣೆಗೆ ಸಹಿ ಹಾಕುತ್ತೇವೆ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಬೆಳೆಯುತ್ತಿರುವ ಪ್ರತಿಯೊಂದು ಪಟ್ಟಣದ ಸುತ್ತ, ಇನ್ನೂ ರಾಗಿ ಜೋಳ ಬೆಳೆಯುತ್ತಿರುವ ಹೊಲಗಳಲ್ಲೇ, ಮುಂದಿನ ಮುಖ್ಯರಸ್ತೆಗಳ ಗೆರೆ ಮತ್ತು ಹಳ್ಳಗಳ ಎರಡೂ ದಂಡೆಯ ಗೆರೆ, ಇವೆರಡನ್ನು ನೆಲದ ಮೇಲೆ ಗುರುತಿಸಿ ಕಲ್ಲು ನೆಡಿ. ಗೆರೆಯ ನಡುವಿನ ಜಾಗದಲ್ಲಿ ಏನು ಬರಬೇಕು ಎಂಬ ಚಿಂತೆ ಸದ್ಯಕ್ಕೆ ಬಿಡಿ. ಮನೆ ಬರಲಿ, ಅಂಗಡಿ ಬರಲಿ, ಕಲ್ಯಾಣ ಮಂಟಪ ಬರಲಿ. ಜನರಿಗೆ ಬೇಕಾದದ್ದನ್ನು ಜನ ಕಟ್ಟಿಕೊಳ್ಳುತ್ತಾರೆ, ನಾವು ಹಳದಿ ಬಳಿದ ಕಡೆ ಅವರು ಗ್ಯಾರೇಜು ಇಟ್ಟದ್ದನ್ನು ಮೂವತ್ತು ವರ್ಷ ನೋಡಿದ್ದೇನೆ. ಕಟ್ಟಿಕೊಳ್ಳಲಾಗದ್ದು ಆ ಎರಡು ಗೆರೆ ಮಾತ್ರ. ಕಟ್ಟಡ ಎದ್ದ ಮೇಲೆ ಅವನ್ನು ಯಾವ ಸರ್ಕಾರವೂ ಎಳೆಯಲಾರದು.

ನಿಮ್ಮ ಕಚೇರಿಯಲ್ಲಿ ಯಾರಾದರೂ ತಕ್ಷಣ ಕೇಳುತ್ತಾರೆ: ಜಮೀನು ಯಾರದು, ರೈತ ಬಿಡುತ್ತಾನೆಯೇ? ನ್ಯಾಯವಾದ ಪ್ರಶ್ನೆ. ಬರೀ ಗೆರೆ ಎಳೆದು ಸುಮ್ಮನೆ ಕೂತರೆ ಅದು ರೈತನ ಕೊರಳಿಗೆ ಹಾಕಿದ ಕುಣಿಕೆ. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯನ್ನೇ ನೋಡಿ. ಸುಮಾರು 73 ಕಿಲೋಮೀಟರಿನ ಆ ರಸ್ತೆಗೆ ಮೊದಲ ಅಧಿಸೂಚನೆ ಹೊರಟದ್ದು 2005ರಲ್ಲಿ, ಅಂತಿಮ ಅಧಿಸೂಚನೆ 2007ರಲ್ಲಿ. ಹೆಸರು ಬದಲಾಯಿತು, ಸರ್ಕಾರಗಳು ಬದಲಾದವು, ಪರಿಹಾರದ ಲೆಕ್ಕ ಬದಲಾಯಿತು. ಗೆರೆಯೊಳಗಿನ ರೈತ ಅಷ್ಟೂ ವರ್ಷ ಜಮೀನು ಮಾರುವಂತಿಲ್ಲ, ಸಾಲ ಎತ್ತುವಂತಿಲ್ಲ, ಮನೆ ಕಟ್ಟುವಂತಿಲ್ಲ. ಗೆರೆಯಾಚೆಯ ಅವನ ದಾಯಾದಿ ಸೈಟು ಮಾಡಿ ಮಾರಿ ಕಾರು ತಗೊಂಡ. ಇಂಥ ಗೆರೆ ನೋಡಿದ ರೈತ ಮುಂದಿನ ಸಲ ನೀವು ಕಲ್ಲು ನೆಡಲು ಹೋದರೆ ಕಲ್ಲು ಕಿತ್ತೇ ಕೀಳುತ್ತಾನೆ. ನಾನಾದರೂ ಕೀಳುತ್ತಿದ್ದೆ.

ಅದೇ ಹೊತ್ತಿನಲ್ಲಿ ಅಹಮದಾಬಾದಿನವರು 76 ಕಿಲೋಮೀಟರಿನ ಸರ್ದಾರ್ ಪಟೇಲ್ ವರ್ತುಲ ರಸ್ತೆ ಮಾಡಿಕೊಂಡರು. ಅವರು ಹಿಡಿದ ದಾರಿ ನಗರ ಯೋಜನಾ ಸ್ಕೀಮು, ಆಡುಮಾತಿನಲ್ಲಿ ಟಿಪಿ ಸ್ಕೀಮು. ನೂರೋ ಇನ್ನೂರೋ ಎಕರೆಯ ಒಂದು ಪ್ರದೇಶದ ರೈತರನ್ನೆಲ್ಲ ಒಟ್ಟಿಗೆ ಕೂರಿಸುವುದು. ಎಲ್ಲರ ಜಮೀನನ್ನೂ ಕಾಗದದ ಮೇಲೆ ಒಂದು ಮಾಡಿ, ರಸ್ತೆ, ಚರಂಡಿ, ಶಾಲೆ, ಉದ್ಯಾನಕ್ಕೆ ಪ್ರತಿಯೊಬ್ಬರಿಂದಲೂ ಅವರ ಪಾಲಿಗೆ ತಕ್ಕಷ್ಟು ತೆಗೆದು, ಉಳಿದದ್ದನ್ನು ಚೌಕವಾಗಿ ಕತ್ತರಿಸಿ ರಸ್ತೆ ಮುಖಕ್ಕೆ ಬರುವಂತೆ ಅವರವರಿಗೇ ವಾಪಸು ಕೊಡುವುದು. ಜಮೀನು ಸಣ್ಣದಾಗುತ್ತದೆ, ಬೆಲೆ ದೊಡ್ಡದಾಗುತ್ತದೆ. ನಷ್ಟ ಒಬ್ಬನ ತಲೆಯ ಮೇಲೇ ಬೀಳುವುದಿಲ್ಲ, ಲಾಭ ಒಬ್ಬನಿಗೇ ಸೇರುವುದಿಲ್ಲ. 2001ರ ಭೂಕಂಪದಲ್ಲಿ ನೆಲಸಮವಾದ ಭುಜ್ ಪಟ್ಟಣವನ್ನು, ಅದರ ಇಕ್ಕಟ್ಟಾದ ಹಳೇ ಪೇಟೆಯನ್ನೂ ಸೇರಿಸಿ, ಇದೇ ಉಪಾಯದಿಂದ ಮತ್ತೆ ಕಟ್ಟಿದರು. ಇದು ಗುಜರಾತಿನವರ ಕಂಡುಹಿಡಿತವೂ ಅಲ್ಲ. ಮುಂಬೈ ಪ್ರಾಂತ್ಯದಲ್ಲಿ 1915ರಷ್ಟು ಹಿಂದೆಯೇ ಇದಕ್ಕೊಂದು ಕಾಯ್ದೆ ಇತ್ತು. ನಮ್ಮ 1961ರ ಅಧಿನಿಯಮದಲ್ಲೂ ನಗರ ಯೋಜನಾ ಸ್ಕೀಮುಗಳಿಗೆ ಒಂದು ಅಧ್ಯಾಯವೇ ಇದೆ. ಮೂವತ್ತೊಂದು ವರ್ಷದಲ್ಲಿ ಆ ಅಧ್ಯಾಯ ತೆರೆದ ಅಧಿಕಾರಿಯನ್ನು ನಾನು ಕಣ್ಣಾರೆ ಕಂಡಿಲ್ಲ. ಅಲ್ಲೂ ತಕರಾರು ಬರುತ್ತದೆ, ವರ್ಷಗಟ್ಟಲೆ ಎಳೆಯುತ್ತದೆ, ಗೇಣಿದಾರನಿಗೂ ಕೂಲಿಯವನಿಗೂ ಸಿಗುವುದು ಕಡಿಮೆ. ಒಪ್ಪುತ್ತೇನೆ. ಆದರೂ ಇಪ್ಪತ್ತು ವರ್ಷದ ಅಧಿಸೂಚನೆಗಿಂತ ಅದು ಮೇಲು.

ಇನ್ನು ಆಗಲೇ ಕಟ್ಟಿ ಮುಗಿದಿರುವುದರ ಮಾತು. ಅನುಮೋದನೆಯಿಲ್ಲದೆ ಎದ್ದ ಸೈಟು, ಮನೆಗಳನ್ನೂ ದಾಖಲೆಗೆ ತರಲು ಬಿ ಖಾತಾ, ಇ-ಖಾತಾ, ಸಕ್ರಮ ಎಂದು ನೀವು ಅಭಿಯಾನ ಮಾಡುತ್ತಿದ್ದೀರಿ. ಪೇಟೆಯ ವಿದ್ಯಾವಂತರು ಇದನ್ನು ಬೈಯುತ್ತಾರೆ, ಅಕ್ರಮಕ್ಕೆ ಬಹುಮಾನ ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ಹೊಲವನ್ನು ಅನುಮೋದನೆಯಿಲ್ಲದೆ ಕಡಿದು ಮಾರಿದ ಇಂಥ ರೆವಿನ್ಯೂ ಸೈಟು ಕೊಂಡವರಲ್ಲಿ ಹೆಚ್ಚಿನವರು ಆಟೋ ಓಡಿಸುವವರು, ಗಾರ್ಮೆಂಟ್ಸಿಗೆ ಹೋಗುವವರು, ನನ್ನ ಆ ಕಂಡಕ್ಟರ್ ಯಜಮಾನರಂಥವರು. ಅಧಿಕೃತ ಸೈಟು ಅವರ ಕೈಗೆಟುಕುವ ಬೆಲೆಗೆ ಯಾರೂ ಕೊಡಲಿಲ್ಲ, ಸಿಕ್ಕಿದ್ದನ್ನು ಕೊಂಡರು. ಇಂಥವನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಕೋರ್ಟಿನ ಆತಂಕವೂ ಸುಳ್ಳಲ್ಲ. ನನ್ನ ತಕರಾರು ಬೇರೆ. ಆ ಜನ ಕಟ್ಟುವ ದಂಡ, ಸುಧಾರಣಾ ಶುಲ್ಕ, ತೆರಿಗೆ ಎಲ್ಲ ಎಲ್ಲಿಗೆ ಹೋಗುತ್ತದೆ? ಆ ದುಡ್ಡಿಗೆ ಆ ಬಡಾವಣೆಯದೇ ಹೆಸರಿನ ಖಾತೆ ತೆರೆಯಿರಿ. ಏಳನೇ ಅಡ್ಡರಸ್ತೆಯವರು ಕೊಟ್ಟದ್ದು ಏಳನೇ ಅಡ್ಡರಸ್ತೆಯ ಚರಂಡಿಗೇ ಬೀಳಲಿ, ಬೋರ್ಡಿನಲ್ಲಿ ಲೆಕ್ಕ ಬರೆಯಿರಿ. ಖಾತೆ ಸಕ್ರಮವಾಗುತ್ತದೆ, ಕೊಳಚೆ ಅಕ್ರಮವಾಗಿಯೇ ಹರಿಯುತ್ತದೆ ಎಂದರೆ ಯಾರಿಗೆ ಏನು ಸಿಕ್ಕಿತು? ಬ್ಯಾಂಕಿನವನಿಗೆ ಅಡಮಾನ ಸಿಕ್ಕಿತು, ಅಷ್ಟೇ.

ಇವೆಲ್ಲ ಮಾಡುವವರು ಯಾರು ಎಂಬ ಪ್ರಶ್ನೆ ಬರುತ್ತದೆ, ಅಲ್ಲಿಗೆ ಬಂದರೆ ನನಗೆ ನಗು ಬರುತ್ತದೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತಗಳಿಗೆ 18 ಕೆಲಸ ಪಟ್ಟಿ ಮಾಡಿದ್ದಾರೆ. ಪಟ್ಟಿಯಲ್ಲಿ ಮೊದಲನೆಯದೇ ನಗರ ಯೋಜನೆ. ನಮ್ಮಲ್ಲಿ ಆ ಮೊದಲನೆಯದು ಪ್ರಾಧಿಕಾರಗಳ ಕೈಯಲ್ಲಿದೆ. ವಾರ್ಡಿನಲ್ಲಿ ಗೆದ್ದು ಬಂದ ಸದಸ್ಯನ ಕೈಯಲ್ಲಿರುವುದು ಬೀದಿದೀಪ ಮತ್ತು ಬೈಗುಳ. ಬೆಂಗಳೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಳು ಚುನಾವಣೆಯಿಲ್ಲದೆ ಉರುಳಿದವು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ನಕ್ಷೆಯ ವಿಷಯಕ್ಕೆ ಬಂದರೆ, 2007ರಲ್ಲಿ ಅಂಗೀಕಾರವಾದ, 2015ರವರೆಗಿನ ಯೋಜನೆಯೇ ಆ ಮೇಲೂ ವರ್ಷಾನುಗಟ್ಟಲೆ ಊರನ್ನು ಆಳಿತು. 2031ರದೆಂದು 2017ರಲ್ಲಿ ಹೊರಬಂದ ಕರಡನ್ನು ಸರ್ಕಾರವೇ ಹಿಂದಕ್ಕೆ ಪಡೆಯಿತು. ರಾಜಧಾನಿಯ ಸ್ಥಿತಿ ಇದು. ನೀತಿ ಆಯೋಗ 2021ರಲ್ಲಿ ಹೇಳಿದಂತೆ ದೇಶದ ನಗರ ಪ್ರದೇಶಗಳಲ್ಲಿ ಶೇ. 65ಕ್ಕೆ ಮಹಾಯೋಜನೆಯೇ ಇಲ್ಲ. 12,000ಕ್ಕೂ ಹೆಚ್ಚು ನಗರ ಯೋಜಕರು ಬೇಕಾದ ಕಡೆ ರಾಜ್ಯಗಳು ಮಂಜೂರು ಮಾಡಿರುವ ಹುದ್ದೆ 4,000ಕ್ಕಿಂತ ಕಡಿಮೆ, ಅದರಲ್ಲೂ ಶೇ. 42 ಖಾಲಿ. ಸ್ಮಾರ್ಟ್ ಸಿಟಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಫುಟ್‌ಪಾತು ಚೆನ್ನಾಗಿ ಮಾಡಿದರು.

ಯೋಜಕರು ಇಲ್ಲದಿದ್ದರೆ ಇರುವವರನ್ನು ಬಳಸಿಕೊಳ್ಳಿ. ಗೆರೆ ಗುರುತಿಸಲು ದೊಡ್ಡ ಕನ್ಸಲ್ಟೆಂಟು ಬೇಡ. ಒಬ್ಬ ಭೂಮಾಪಕ, ಒಬ್ಬ ಎಂಜಿನಿಯರು, ಗ್ರಾಮ ನಕಾಶೆ, ಮತ್ತು ಹಳ್ಳ ಎಲ್ಲಿತ್ತು ಎಂದು ತೋರಿಸಬಲ್ಲ ಊರಿನ ಇಬ್ಬರು ಹಿರಿಯರು ಸಾಕು. ನೀರಗಂಟಿಯನ್ನು ಮರೆಯಬೇಡಿ, ಕಂಪ್ಯೂಟರಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿರುತ್ತದೆ. ಬಡಾವಣೆಗೆ ಅನುಮೋದನೆ ಕೊಡುವ ಕಡತದಲ್ಲಿ ಇನ್ನೊಂದು ಹಾಳೆ ಸೇರಿಸಿ: ಬಡಾವಣೆಯ ಅತಿ ತಗ್ಗಿನ ಸೈಟಿನ ಲೆವೆಲ್ಲು ಎಷ್ಟು, ಅದರ ಕೊಳಚೆ ಹೋಗಿ ಸೇರುವ ಮ್ಯಾನ್‌ಹೋಲಿನ ಲೆವೆಲ್ಲು ಎಷ್ಟು, ಮಳೆನೀರು ಯಾವ ಸರ್ವೆ ನಂಬರಿನ ಹಳ್ಳಕ್ಕೆ ಬೀಳುತ್ತದೆ. ಮೂರು ಸಾಲು. ಬರೆದವನ ಹೆಸರು, ಸಹಿ. ಸಹಿ ಹಾಕಿದ ಮೇಲೆ ಹತ್ತು ವರ್ಷ ಅದು ಅವನ ಹೆಗಲ ಮೇಲಿರಲಿ. ನನ್ನ ಕಾಲದಲ್ಲಿ ಇಂಥ ಹಾಳೆ ಇದ್ದಿದ್ದರೆ “ಹೊಂದಿಸಿಕೊಳ್ಳಿ” ಎಂದವರಿಗೆ ಅದನ್ನು ಮುಂದೆ ಹಿಡಿಯಬಹುದಿತ್ತು.

ರಾಜ್ಯವೆಲ್ಲ ಒಂದೇ ಸಲ ಮಾಡಿ ಎನ್ನುತ್ತಿಲ್ಲ. ಒಂದು ತಾಲ್ಲೂಕು ಕೇಂದ್ರ ಆರಿಸಿಕೊಳ್ಳಿ, ಊರಿನ ಅಂಚಿನಿಂದ ಐದು ಕಿಲೋಮೀಟರು. ಮುಂಗಾರು ಶುರುವಾಗುವ ಮೊದಲು ಹಳ್ಳಗಳ ದಂಡೆಗೆ ಕಲ್ಲು ನೆಟ್ಟು ಮುಗಿಸಿ, ಮಳೆ ಬಂದಾಗ ನೀರು ಕಲ್ಲಿನ ಒಳಗಿದೆಯೋ ಹೊರಗಿದೆಯೋ ಹೋಗಿ ನೋಡಿ. ತಪ್ಪಿದ್ದರೆ ಕಲ್ಲು ಸರಿಸುವುದು ಸುಲಭ, ಇನ್ನೂ ಹೊಲವೇ ಇರುತ್ತದಲ್ಲ.

ಲೆವೆಲ್ ನೋಡುವವರು ಸಿಗದಿದ್ದರೆ ಹೇಳಿಕಳಿಸಿ. ಡಂಪಿ ಲೆವೆಲ್ಲು ಇನ್ನೂ ಕೆಲಸ ಮಾಡುತ್ತದೆ, ಕಣ್ಣಿನ ಪೊರೆಯ ಆಪರೇಷನ್ನೂ ಆಗಿದೆ. ಅಳತೆಯ ಕೋಲು (ಸ್ಟಾಫ್) ಹಿಡಿದು ನಿಲ್ಲಲು ಒಬ್ಬ ಹುಡುಗನನ್ನು ನೀವೇ ಕಳಿಸಬೇಕು.

ಇಂತಿ,
ಒಬ್ಬ ನಿವೃತ್ತ ಓವರ್‌ಸಿಯರ್